ಅಡುಗೆಮನೆ ಸಿಂಕ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತಿದೆ, ಏನು ಮಾಡಲಿ?

ಪ್ರತಿ ತಿಂಗಳೂ ಡ್ರೈನ್ ಪುಡಿ ಹಾಕಿ ಸಾಕಾಗಿದೆ ಅಂದಿದ್ದೀರಿ. ಮೊದಲು ಸಿಂಕ್ ಕೆಳಗೆ ಬಗ್ಗಿ ನೋಡಿ, ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪ್ ಜೋತುಬಿದ್ದಿದೆಯಾ? ನಮ್ಮ ಮನೆಯಲ್ಲೂ ಅದೇ ಇತ್ತು. ಅದರ ಮಡಿಕೆಗಳಲ್ಲಿ ಎಣ್ಣೆ, ತುಪ್ಪದ ಜಿಡ್ಡು ತಣ್ಣಗಾಗಿ ಗಟ್ಟಿಯಾಗುತ್ತದೆ, ಅದಕ್ಕೆ ಅನ್ನದಗುಳು, ಚಹಾಪುಡಿ, ಕಾಯಿತುರಿ, ದೋಸೆಹಿಟ್ಟು ಎಲ್ಲ ಅಂಟಿಕೊಂಡು ದಾರಿ ಕಿರಿದಾಗುತ್ತಾ ಹೋಗುತ್ತದೆ. ಪುಡಿ ಹಾಕಿದರೆ ಎಷ್ಟೋ ಸಲ ನಡುವೆ ಸಣ್ಣ ತೂತಾಗುತ್ತದೆ ಅಷ್ಟೇ, ಸುತ್ತ ಅಂಟಿದ್ದು ಹಾಗೇ ಉಳಿಯುತ್ತದೆ.

ಕೆಳಗೆ ಬಕೆಟ್ ಇಟ್ಟು ಪೈಪ್ ಬಿಚ್ಚಿ, ಒಳಗೆ ಅಂಟಿದ್ದನ್ನು ತೆಗೆಯಿರಿ. ಬಾಟಲ್ ಟ್ರ್ಯಾಪ್ (ಸಿಂಕ್ ಕೆಳಗೆ ಪೈಪಿಗೆ ಸೇರಿಸಿರುವ ಬಾಟಲಿಯಾಕಾರದ ಭಾಗ) ಇದ್ದರೆ ಅದರ ತಳವನ್ನು ಕೈಯಲ್ಲೇ ತಿರುಗಿಸಿ ತೆಗೆಯಬಹುದು. ಇತ್ತೀಚೆಗೆ ಪುಡಿ ಹಾಕಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಆ ನೀರು ಚರ್ಮ ಸುಡುತ್ತದೆ. ಪುಡಿ ಕೆಲಸ ಮಾಡಲಿಲ್ಲ ಅಂತ ಅದರ ಮೇಲೆ ಆಸಿಡ್ ಮಾತ್ರ ಸುರಿಯಲೇಬೇಡಿ, ಕುದ್ದು ಮುಖಕ್ಕೆ ಹಾರುತ್ತದೆ! ಬಳಬಳ ಕುದಿಯುವ ನೀರೂ ಬೇಡ, ಪಿವಿಸಿ ಮೆತ್ತಗಾಗುತ್ತದೆ.

ಸಾಧ್ಯವಾದರೆ ಸುಕ್ಕು ಪೈಪ್ ತೆಗೆಸಿ ಒಳಗೆ ನುಣುಪಾಗಿರುವ ಪಿವಿಸಿ ಹಾಕಿಸಿ. ಅಡ್ಡ ಹೋಗುವ ಪೈಪಿಗೆ ಸುಮಾರು 40 ಇಂಚಿಗೆ 1 ಇಂಚು ಇಳಿಜಾರು ಇರಲಿ.

ಬಾಣಲೆ ಜಿಡ್ಡನ್ನು ತೊಳೆಯುವ ಮುಂಚೆ ಹಳೆ ಪೇಪರಿನಲ್ಲಿ ಒರೆಸಿಬಿಡಿ, ಸಿಂಕ್ ಬಾಯಿಗೆ ಸಣ್ಣ ಜಾಲರಿ ಇಡಿ. ಇಷ್ಟಾದರೂ ಕಟ್ಟಿದರೆ ಹೊರಗಿನ ಚೇಂಬರ್ ತೆಗೆಸಿ ನೋಡಿ. ಅಪಾರ್ಟ್‌ಮೆಂಟಿನಲ್ಲಿ ನೀವು ನಲ್ಲಿ ಬಿಡದೇ ಸಿಂಕಿನಲ್ಲಿ ನೀರು ಮೇಲೆ ಬರುತ್ತಿದ್ದರೆ ತೊಂದರೆ ಎಲ್ಲರ ನೀರು ಹೋಗುವ ಪೈಪಿನದು, ಅಸೋಸಿಯೇಷನ್‌ಗೆ ಹೇಳಿ ಮಾಡಿಸಬೇಕು.