ಕೈಯಲ್ಲಿರುವುದು 18 ಸಾವಿರ, ಹುಡುಕಬೇಕಿರುವುದು ಹೊಸ ಕೆಲಸ

ಪ್ರಶ್ನೆ: ನನಗೆ 31 ವರ್ಷ. ಬಿ.ಕಾಂ. ಮುಗಿಸಿ, ರಾಣೆಬೆನ್ನೂರಿನ ಬಿತ್ತನೆ ಬೀಜದ ಕಂಪನಿಯೊಂದರಲ್ಲಿ ಆರು ವರ್ಷಗಳಿಂದ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಕಂಪನಿ ಇಲ್ಲಿಯ ಕಚೇರಿಯನ್ನು ಮುಚ್ಚುತ್ತಿರುವುದರಿಂದ ಈ ತಿಂಗಳ ಕೊನೆಗೆ ನನ್ನ ಕೆಲಸ ಹೋಗುತ್ತದೆ. ಮನೆಯಲ್ಲಿ ತಾಯಿ ಮತ್ತು ಓದುತ್ತಿರುವ ತಮ್ಮ ಇದ್ದಾರೆ. ಉಳಿತಾಯ 18 ಸಾವಿರ ರೂಪಾಯಿ. ಬೆಂಗಳೂರಿನಲ್ಲಿ ಕೆಲಸ ಕೊಡಿಸುತ್ತೇವೆಂದು ಒಂದು ಕನ್ಸಲ್ಟೆನ್ಸಿಯವರು ನೋಂದಣಿಗೆ 6,500 ರೂಪಾಯಿ ಕೇಳುತ್ತಿದ್ದಾರೆ. ಜಿಎಸ್‌ಟಿ ಕೋರ್ಸಿಗೆ ಸೇರು ಎಂದು ಗೆಳತಿಯೂ, ಮೊದಲು ಬೆಂಗಳೂರಿಗೆ ಬಂದು ಪಿ.ಜಿ.ಯಲ್ಲಿದ್ದು ಹುಡುಕು ಎಂದು ಸೋದರಮಾವನ ಮಗಳೂ ಹೇಳುತ್ತಾರೆ. ಯಾವುದಕ್ಕೆ ಹಣ ಹಾಕಲಿ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಸದ್ಯಕ್ಕೆ ಈ ಮೂರರಲ್ಲಿ ಯಾವುದಕ್ಕೂ ಹಾಕಬೇಡಿ. ಕನ್ಸಲ್ಟೆನ್ಸಿಯ ಮಾತನ್ನು ಮೊದಲು ಮುಗಿಸಿಬಿಡೋಣ. ನೇರ ವ್ಯವಹಾರದ ನೇಮಕಾತಿ ಸಂಸ್ಥೆಗಳು ತಮ್ಮ ಶುಲ್ಕವನ್ನು ಕೆಲಸಕ್ಕೆ ಜನ ಬೇಕಾದ ಕಂಪನಿಯಿಂದ ಪಡೆಯುತ್ತವೆಯೇ ಹೊರತು ಕೆಲಸ ಕೇಳಿಕೊಂಡು ಬಂದವರಿಂದಲ್ಲ. ಸಂದರ್ಶನಕ್ಕೂ ಮೊದಲೇ ಹಣ ಕೇಳುವವರ ಜೊತೆ ಚೌಕಾಸಿಗೂ ಇಳಿಯಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ತುರ್ತಾಗಿ ಕಂಡದ್ದು ನೀವು ಕೇಳದೇ ಇರುವ ಸಂಗತಿ. ಕಚೇರಿಗೆ ಬೀಗ ಬಿದ್ದ ಮೇಲೆ ಸಹಿ ಹಾಕುವವರನ್ನು ಹುಡುಕಿಕೊಂಡು ಅಲೆಯುವುದು ಬಹಳ ಕಷ್ಟ. ಆದ್ದರಿಂದ ಅನುಭವ ಪತ್ರ, ಕೆಲಸದಿಂದ ಬಿಡುಗಡೆಯ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ ಇವಿಷ್ಟನ್ನು ಈ ವಾರವೇ ಮುದ್ರೆ ಸಮೇತ ಪಡೆದುಕೊಳ್ಳಿ. ಭವಿಷ್ಯನಿಧಿಯ (ಪಿ.ಎಫ್.) ಯುಎಎನ್ ಎಂಬ ಸದಸ್ಯ ಸಂಖ್ಯೆಯ ಖಾತೆಯಲ್ಲಿ ಹೆಸರು ಮತ್ತು ಜನ್ಮ ದಿನಾಂಕ ಆಧಾರ್‌ನಲ್ಲಿರುವಂತೆಯೇ ಇವೆಯೇ ಎಂದು ನೋಡಿ, ತಪ್ಪಿದ್ದರೆ ಕಂಪನಿಯವರು ಇನ್ನೂ ಕೈಗೆ ಸಿಗುವಾಗಲೇ ತಿದ್ದಿಸಿಕೊಳ್ಳಿ. ಕೆಲಸ ಬಿಟ್ಟ ದಿನಾಂಕವನ್ನು ಅವರು ನಮೂದಿಸದೆ ಹೋದರೆ, ಕೊನೆಯ ವಂತಿಗೆ ಸಂದಾಯವಾದ ಎರಡು ತಿಂಗಳ ನಂತರ ನೀವೇ ಆನ್‌ಲೈನ್‌ನಲ್ಲಿ ನಮೂದಿಸಬಹುದು.

ಜಿಎಸ್‌ಟಿ ಬಗ್ಗೆ ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಬಿತ್ತನೆ ಬೀಜಕ್ಕೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಡೀಲರ್ ಖಾತೆ, ಸ್ಟಾಕು, ಸಾಲ ವಸೂಲಿಯ ಲೆಕ್ಕಗಳಲ್ಲಿ ನೀವು ಪಳಗಿದ್ದರೂ ಜಿಎಸ್‌ಟಿಆರ್-1 (ಮಾರಾಟದ ವಿವರ), 3ಬಿ (ತೆರಿಗೆಯ ಒಟ್ಟು ಲೆಕ್ಕ) ರಿಟರ್ನ್‌ಗಳನ್ನು ತುಂಬಿದ ಅನುಭವ ಕಡಿಮೆ ಇರಬಹುದು. ಬೇರೆ ಯಾವ ವ್ಯಾಪಾರದ ಕಚೇರಿಗೆ ಹೋದರೂ ಮೊದಲು ಕೇಳುವುದು ಅದನ್ನೇ. ಆದರೆ ಇದನ್ನು ಕಲಿಯಲು ದುಬಾರಿ ಕೋರ್ಸ್ ಬೇಕಿಲ್ಲ. ಲೆಕ್ಕಪತ್ರದ ತಂತ್ರಾಂಶವಾದ ಟ್ಯಾಲಿ ಪ್ರೈಮ್‌ನ ಶೈಕ್ಷಣಿಕ ಆವೃತ್ತಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ತಿಂಗಳ ಕೆಲವೇ ದಿನಾಂಕಗಳ ವೋಚರ್ ಹಾಕಬಹುದಾದರೂ ಅಭ್ಯಾಸಕ್ಕೆ ಅಷ್ಟು ಸಾಕು. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ರಾಣೆಬೆನ್ನೂರು, ಹಾವೇರಿ ಅಥವಾ ದಾವಣಗೆರೆಯ ಆಡಿಟರ್ ಕಚೇರಿಯೊಂದರಲ್ಲಿ, ಸಂಬಳ ಸ್ವಲ್ಪ ಕಡಿಮೆಯಾದರೂ, ಎರಡು ಮೂರು ತಿಂಗಳು ಕೆಲಸ ಮಾಡುವುದು. ಅಲ್ಲಿ ಹತ್ತಾರು ಅಂಗಡಿಗಳ ಬಿಲ್ಲುಗಳು ನಿಮ್ಮ ಕೈಮೇಲೆ ಹಾದುಹೋಗುತ್ತವೆ, ಮನೆಗೆ ನಾಲ್ಕು ಕಾಸೂ ಬರುತ್ತದೆ. ಪ್ರತಿ ತಿಂಗಳ 11 ಮತ್ತು 20 ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಾದ್ದರಿಂದ ಆ ಹೊತ್ತಿನಲ್ಲಿ ಕೆಲಸ ಕೇಳಿಕೊಂಡು ಹೋದರೆ ಕುಳಿತುಕೊಳ್ಳಿ ಎನ್ನುವವರೂ ಇರುವುದಿಲ್ಲ. 25 ಕಳೆದ ಮೇಲೆ ಹೋಗಿ. ನಿಮ್ಮ ಕಂಪನಿಯ ಲೆಕ್ಕ ತಪಾಸಣೆಗೆ ಬರುತ್ತಿದ್ದ ಆಡಿಟರ್‌ಗೆ ನಿಮ್ಮ ಕೆಲಸದ ಅಚ್ಚುಕಟ್ಟು ಗೊತ್ತಿರುತ್ತದೆ. ಮೊದಲ ಫೋನ್ ಅವರಿಗೇ ಮಾಡಿ. ಬಯೋಡೇಟಾದಲ್ಲಿಯೂ ಬರೀ ‘ಅಕೌಂಟ್ಸ್ ಅಸಿಸ್ಟೆಂಟ್’ ಎಂದು ಬರೆಯದೆ, ಎಷ್ಟು ಡೀಲರ್‌ಗಳ ಖಾತೆ ನೋಡುತ್ತಿದ್ದಿರಿ, ಬ್ಯಾಂಕ್ ಲೆಕ್ಕ ತಾಳೆ ನೋಡುತ್ತಿದ್ದವರು ನೀವೇ ಆಗಿದ್ದಿರಾ ಎಂಬುದನ್ನು ಒಂದೇ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಇನ್ನು ಬೆಂಗಳೂರಿನ ಮಾತು. ಪಿ.ಜಿ.ಯ ಅಡ್ವಾನ್ಸ್ ಮತ್ತು ಮೊದಲ ತಿಂಗಳ ಬಾಡಿಗೆ ಕೊಡುವಷ್ಟರಲ್ಲಿ ನಿಮ್ಮ ಉಳಿತಾಯದ ದೊಡ್ಡ ಪಾಲು ಕರಗುತ್ತದೆ. ಆಮೇಲೆ ಕೈ ಖಾಲಿಯಾಯಿತೆಂಬ ಭಯಕ್ಕೆ ಸಿಕ್ಕ ಸಂಬಳಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ, ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯಾದ ನಿಮಗೆ ಟಿಕೆಟ್ ಖರ್ಚಿಲ್ಲ (ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ). ಮನೆಯಿಂದಲೇ ಅರ್ಜಿ ಹಾಕಿ, ಮೊದಲ ಸುತ್ತನ್ನು ಫೋನಿನಲ್ಲಿಯೇ ಮುಗಿಸಲು ಕೇಳಿಕೊಂಡು, ದಿನಾಂಕ ಗೊತ್ತಾದ ಮೇಲೆ ಹಿಂದಿನ ರಾತ್ರಿ ಹೊರಡಿ. ಎರಡು ಸಂದರ್ಶನಗಳನ್ನು ಒಂದೇ ದಿನಕ್ಕೆ ಹೊಂದಿಸಿಕೊಂಡರೆ ಇನ್ನೂ ಅನುಕೂಲ. ನನ್ನನ್ನು ಕೇಳಿದರೆ, ಮನೆಯಿಂದ ಓಡಾಡಿಕೊಂಡು ದಾವಣಗೆರೆಯಲ್ಲಿ ದುಡಿಯುವ 15 ಸಾವಿರವು ಬೆಂಗಳೂರಿನ 20 ಸಾವಿರಕ್ಕಿಂತ ನಿಮ್ಮ ಮನೆಗೆ ಹೆಚ್ಚು ಉಳಿಸೀತು.

ಹಾವೇರಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿ, ಕೇಂದ್ರದ ನ್ಯಾಷನಲ್ ಕೆರಿಯರ್ ಸರ್ವಿಸ್ ಪೋರ್ಟಲ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಮೂರರಲ್ಲಿಯೂ ನೋಂದಣಿ ಉಚಿತ, ಮಾಡಿಟ್ಟಿರಿ. ರಾಜ್ಯದ ನಿರುದ್ಯೋಗ ಭತ್ಯೆಯಾದ ಯುವನಿಧಿ ಇತ್ತೀಚೆಗೆ ಪದವಿ ಮುಗಿಸಿದವರಿಗಾಗಿ ಇರುವುದರಿಂದ ಅದರ ಆಸೆ ಬೇಡ. ಫೋನ್ ರೀಚಾರ್ಜ್, ಜೆರಾಕ್ಸ್, ದಾರಿಯ ಊಟ ಎಲ್ಲ ಸೇರಿ ಹುಡುಕಾಟಕ್ಕೆ ಮೂರು ಸಾವಿರ ತೆಗೆದಿಟ್ಟು ಉಳಿದದ್ದನ್ನು ಮನೆಯ ಖರ್ಚಿಗೆ ಮೀಸಲಿಡಿ.

ಪ್ರಶ್ನೆ: ದೊಡ್ಡ ಕಂಪನಿಯ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಆಫರ್ ಲೆಟರ್ ಬಂತು. ಲ್ಯಾಪ್‌ಟಾಪ್ ಠೇವಣಿಯೆಂದು ನಿನ್ನೆ 4,000 ರೂಪಾಯಿ ಯುಪಿಐ ಮಾಡಿದೆ. ಈಗ ಇನ್ನೂ 7,500 ಕೇಳುತ್ತಿದ್ದಾರೆ. ಕೊಡದಿದ್ದರೆ ಮೊದಲಿನದೂ ಹೋಗುತ್ತದೆಯೇ?
– ಒಬ್ಬ ಓದುಗ, ಚಿತ್ರದುರ್ಗ

ಉತ್ತರ: ಕೊಟ್ಟರೆ ಎರಡೂ ಹೋಗುತ್ತವೆ. ಇದನ್ನು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಆ ಖಾತೆಯಿಂದ ಮುಂದೆ ಹೋಗುವ ಮೊದಲು ದೂರು ತಲುಪಿದರೆ ಅದನ್ನು ತಡೆಹಿಡಿಯುವ ಅವಕಾಶವಿರುತ್ತದೆ. ಯುಪಿಐ ವಹಿವಾಟಿನ ಸಂಖ್ಯೆ ಮತ್ತು ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ. ಆಧಾರ್ ಪ್ರತಿಯನ್ನೂ ಅವರಿಗೆ ಕಳುಹಿಸಿದ್ದರೆ, ಆಧಾರ್ ಜಾಲತಾಣದಲ್ಲಿ ನಿಮ್ಮ ಬಯೊಮೆಟ್ರಿಕ್ ಲಾಕ್ ಮಾಡಿಡಿ.