ಗ್ರೀನ್‌ವುಡ್ ಮನೆಯವರ ಹಳೇ ಹೆಸರು

ಪ್ರಶ್ನೆ: ನಮ್ಮ ಸೊಸೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಕಡೆಯವಳು. ತವರಿನ ಹೆಸರು ಗ್ರೀನ್‌ವುಡ್. ಆದರೆ ಅವಳಜ್ಜ 'ನಾವು ಕೆನಡಾದ ಫ್ರೆಂಚರು' ಅನ್ನುತ್ತಾರಂತೆ. ಇಂಗ್ಲಿಷ್ ಹೆಸರು ಹೇಗೆ ಬಂತು? ಮೊಮ್ಮಗನಿಗೆ ಎರಡೂ ಕಡೆಯ ವಂಶಾವಳಿ ಬರೆದಿಡುವ ಆಸೆ.
– ಓದುಗರು, ಸಾಗರ

ಉತ್ತರ: ಅಜ್ಜನ ಮಾತಿನಲ್ಲಿ ಹುರುಳಿದೆ. 1840ರಿಂದ 1930ರೊಳಗೆ ಸುಮಾರು ಒಂಬತ್ತು ಲಕ್ಷ ಜನ ಕೆನಡಾದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್ ಬಿಟ್ಟು ಅಮೆರಿಕಕ್ಕೆ ಹೋದರು. ಊರಲ್ಲಿ ಜಮೀನು ಸಾಲುತ್ತಿರಲಿಲ್ಲ. ಅಮೆರಿಕದ ಮ್ಯಾಂಚೆಸ್ಟರ್, ಲೋವೆಲ್ ಊರುಗಳ ಬಟ್ಟೆ ಗಿರಣಿಗಳಲ್ಲಿ ಕೆಲಸ ಸಿಗುತ್ತಿತ್ತು. ಅಲ್ಲಿಗೆ ಹೋದ ಮೇಲೆ ಎಷ್ಟೋ ಮನೆಗಳಲ್ಲಿ ಲೆಬ್ಲಾನ್ (ಫ್ರೆಂಚಿನಲ್ಲಿ 'ಬಿಳಿ') ಹೋಗಿ ವೈಟ್ ಆಯಿತು, ಬ್ವಾವೆರ್ ('ಹಸಿರು ಕಾಡು') ಹೋಗಿ ಗ್ರೀನ್‌ವುಡ್ ಆಯಿತು. ನಿಮ್ಮ ಬೀಗರೂ ಬ್ವಾವೆರ್‌ಗಳೇ ಇರಬಹುದು. ಆದರೆ ಇಂಗ್ಲೆಂಡಿನಿಂದ ಬಂದ ಅಸಲಿ ಗ್ರೀನ್‌ವುಡ್‌ಗಳೂ ಅಲ್ಲಿದ್ದಾರೆ. ಹಾಗಾಗಿ ಹೆಸರಿನ ಬೆನ್ನು ಹತ್ತಬೇಡಿ, ಮದುವೆಗಳ ಬೆನ್ನು ಹತ್ತಿ.

ಕ್ವಿಬೆಕ್ ಚರ್ಚುಗಳ ಮದುವೆ ದಾಖಲೆಯಷ್ಟು ಉಪಕಾರಿ ಕಾಗದವನ್ನು ನಾನು ಬೇರೆಲ್ಲೂ ನೋಡಿಲ್ಲ. ಪುಟದ ಅಂಚಿನಲ್ಲಿ 'ಎಂ' ಅಕ್ಷರ ಇದ್ದರೆ ಮದುವೆ, 'ಬಿ' ಇದ್ದರೆ ನಾಮಕರಣ, 'ಎಸ್' ಇದ್ದರೆ ಮಣ್ಣು ಮಾಡಿದ್ದು. ಇಸವಿಯನ್ನು ಅಂಕಿಯಲ್ಲಲ್ಲ, ಅಕ್ಷರದಲ್ಲಿ ಬರೆದಿರುತ್ತಾರೆ. ಆಮೇಲೆ ಹುಡುಗ, ಅವನ ಅಪ್ಪ-ಅಮ್ಮ. ಹುಡುಗಿ, ಅವಳ ಅಪ್ಪ-ಅಮ್ಮ. ಇಬ್ಬರು ಅಮ್ಮಂದಿರದ್ದೂ ತವರಿನ ಹೆಸರೇ. ಒಂದು ಮದುವೆ ಸಿಕ್ಕರೆ ಹಿಂದಿನ ಎರಡು ಮದುವೆಗಳಿಗೆ ದಾರಿ ಸಿಕ್ಕಿತು ಅಂತಲೇ ಲೆಕ್ಕ. ಹತ್ತಿರದ ಸಂಬಂಧದಲ್ಲಿ ಮದುವೆಯಾಗಿದ್ದರೆ ಚರ್ಚು ಕೊಟ್ಟ ವಿನಾಯಿತಿಯನ್ನೂ, ಎಷ್ಟನೇ ತಲೆಮಾರಿನ ನಂಟು ಅನ್ನುವುದನ್ನೂ ಬರೆದಿರುತ್ತಾರೆ. ಕೊನೆಗೆ 'ಸಹಿ ಮಾಡಲು ಬರುವುದಿಲ್ಲ ಎಂದರು' ಅನ್ನುವ ಸಾಲು. ಆ ಸಾಲು ಜಾಸ್ತಿಯೇ ಕಾಣುತ್ತದೆ.

ಪುಸ್ತಕ ಎರಡು ಪ್ರತಿ ಬರೆಯುತ್ತಿದ್ದರು. ಒಂದು ಚರ್ಚಿಗೆ, ಇನ್ನೊಂದು ಕೋರ್ಟಿಗೆ. ಚರ್ಚು ಸುಟ್ಟುಹೋಗಿದ್ದರೂ ಸಾಮಾನ್ಯವಾಗಿ ಕೋರ್ಟಿನ ಪ್ರತಿ ಉಳಿದಿರುತ್ತದೆ. 1940ರ ದಶಕದಲ್ಲಿ ದ್ರುವಾಂ ಅನ್ನುವ ವಂಶಾವಳಿ ಸಂಸ್ಥೆಯವರು ಇವನ್ನು ಮೈಕ್ರೋಫಿಲ್ಮ್ ಮಾಡಿದರು. ಈಗ ದುಡ್ಡು ಕೊಟ್ಟರೆ ಮನೆಯಲ್ಲೇ ಕೂತು ನೋಡಬಹುದು.

ಒಂದು ತೊಡಕಿದೆ. ನಮ್ಮ ಹಳೇ ಪತ್ರಗಳಲ್ಲಿ 'ಉರುಫ್' ಅಂತ ಇರುತ್ತದಲ್ಲ, ಅಲ್ಲಿ 'ದಿ' ಅಂತ ಇರುತ್ತದೆ. 1665ರಲ್ಲಿ ಫ್ರಾನ್ಸಿನಿಂದ ಬಂದ ಕಾರಿನ್ಯಾನ್-ಸಾಲಿಯೇರ್ ದಳದ ಸುಮಾರು ನಾನೂರು ಸೈನಿಕರು ಅಲ್ಲೇ ನೆಲೆ ನಿಂತರು. ಸೈನಿಕರಿಗೆ ಸಾಮಾನ್ಯವಾಗಿ ದಂಡಿನ ಅಡ್ಡಹೆಸರು ಇರುತ್ತಿತ್ತು: ಲಾಫ್ಲರ್, ಸಾನ್‌ಸೂಸಿ. ಸೈನಿಕರಲ್ಲದವರಿಗೂ ಇಂಥ ಎರಡನೇ ಹೆಸರು ಇತ್ತು. ಒಬ್ಬ ಮಗ ಹಳೇ ಹೆಸರು ಉಳಿಸಿಕೊಂಡರೆ ಇನ್ನೊಬ್ಬ ಅಡ್ಡಹೆಸರು ಹಿಡಿದ. ಬ್ವಾವೆರ್‌ಗಳಲ್ಲೂ ಕೆಲವರು ಮೂಲದಲ್ಲಿ ದೆನೆವೆರ್‌ಗಳು. ಹಾಗಾಗಿ ಬ್ವಾವೆರ್ ದಾಖಲೆ ದಿಢೀರ್ ನಿಂತುಹೋದರೆ ಗಾಬರಿಯಾಗಬೇಡಿ, ದೆನೆವೆರ್ ಅಂತ ಹುಡುಕಿ. ಇನ್ನೊಂದು ವಿಷಯ: ನಾಮಕರಣದಲ್ಲಿ ಗಂಡುಮಕ್ಕಳಿಗೆ ಜೋಸೆಫ್, ಹೆಣ್ಣುಮಕ್ಕಳಿಗೆ ಮರೀ (ಇಂಗ್ಲಿಷಿನ ಮೇರಿ) ಅಂತ ಮೊದಲು ಸೇರಿಸುವ ರೂಢಿ ಇತ್ತು. ಕರೆಯುವ ಹೆಸರು ಸಾಮಾನ್ಯವಾಗಿ ಕೊನೆಯದು.

ಈಗಲೇ ಕ್ವಿಬೆಕ್‌ಗೆ ಹಾರಬೇಡಿ. ಅಜ್ಜನ ಅಪ್ಪ-ಅಮ್ಮನ ಮದುವೆ ಯಾವ ಚರ್ಚಿನಲ್ಲಾಯಿತು ಅಂತ ಬೀಗರನ್ನು ಕೇಳಿ. ಯಾರೋ ಮಾಡಿಟ್ಟ ರೆಡಿ ವಂಶವೃಕ್ಷ ಸಿಕ್ಕರೆ ಸುಮ್ನೆ ನೋಡಿ, ನಕಲು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ಮಾಂಟ್ರಿಯಲ್‌ನಲ್ಲಿದ್ದೇನೆ, ಮುಂದಿನ ತಿಂಗಳು ಇಲ್ಲೇ ಮದುವೆ. ಗಂಡನ ಮನೆತನದ ಹೆಸರು ಹಾಕಿಕೊಳ್ಳಲು ಆಗಲ್ಲ ಅಂತಾರೆ. ನಿಜವೇ?
– ಓದುಗರು, ಮಾಂಟ್ರಿಯಲ್

ಉತ್ತರ: ನಿಜ. ಮಾಂಟ್ರಿಯಲ್ ಇರುವುದು ಕ್ವಿಬೆಕ್‌ನಲ್ಲಿ; 1981ರಿಂದ ಅಲ್ಲಿನ ಕಾನೂನಿನ ಪ್ರಕಾರ ಮದುವೆಯಾದರೂ ಇಬ್ಬರದ್ದೂ ಹುಟ್ಟಿನ ಹೆಸರೇ. ಕರೆಯೋಲೆಯಲ್ಲೋ ನೆಂಟರ ಮನೆಯಲ್ಲೋ ಗಂಡನ ಹೆಸರು ಹೇಳಿಕೊಂಡರೆ ಯಾರೂ ಕೇಳಲ್ಲ. ಸರ್ಕಾರಿ ಕಾಗದದಲ್ಲಿ ಮಾತ್ರ ನಡೆಯಲ್ಲ. ಇದೇನೂ ಹೊಸ ರೀತಿ ಅಲ್ಲ, ಮೇಲೆ ಹೇಳಿದ ಚರ್ಚಿನ ಪುಸ್ತಕಗಳಲ್ಲಿ ಹೆಂಗಸರು ಸತ್ತಾಗಲೂ ತವರಿನ ಹೆಸರಲ್ಲೇ ಇದ್ದಾರೆ. ಮುಂದೆ ಮಗುವಿಗೆ ಬೇಕಾದರೆ ನಿಮ್ಮಿಬ್ಬರ ಮನೆತನದ ಹೆಸರನ್ನೂ ಜೋಡಿಸಿ ಇಡಬಹುದು. ಆದರೆ ಎರಡು ಭಾಗಕ್ಕಿಂತ ಜಾಸ್ತಿ ಇರುವಂತಿಲ್ಲ.