“ಹಂಗಾರೆ ನಿನ್ನ ಫೀಜು ಎಲ್ಲಿಂದ ಬಂತಪ?”

ಹುಡುಗನಿಗೆ 23 ವರ್ಷ. ಬಿಕಾಂ ಮುಗಿಸಿ, ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆದು, ದಾವಣಗೆರೆಯ ಒಂದು ಕಾಲೇಜಿನಲ್ಲಿ ಎಂಬಿಎ ಸೇರಿದ್ದ. ಆಪ್ತಸಲಹೆಗೆ ಅಂತ ನನ್ನ ಹತ್ತಿರ ಬಂದಾಗ ಮೂರನೇ ಸೆಮಿಸ್ಟರ್ ನಡೆಯುತ್ತಿತ್ತು, ಫೈನಾನ್ಸ್ ತೆಗೆದುಕೊಂಡಿದ್ದ. ಪೇಟೆ ಬೀದಿಯಲ್ಲಿ ಅವರದ್ದೊಂದು ಬಟ್ಟೆ ಅಂಗಡಿ ಇದೆ, ತಾತ ಇಟ್ಟಿದ್ದು. ಗುರುತು ಸಿಗಬಾರದು ಅಂತ ಕೆಲವು ವಿವರ, ಲೆಕ್ಕದ ಅಂಕಿ ಬದಲಿಸಿದ್ದೇನೆ. ಬರೆಯುವುದಕ್ಕೆ ಅಪ್ಪ, ಮಗ ಇಬ್ಬರೂ ಒಪ್ಪಿದ್ದಾರೆ.

“ಮೇಡಂ, ಪ್ರೆಸೆಂಟೇಷನ್‌ಗೆ ನಿಂತ್ರೆ ಬಾಯಿ ಒಣಗುತ್ತೆ. ಎರಡನೇ ಸ್ಲೈಡಿಗೇ ಮಾತು ನಿಂತುಬಿಡುತ್ತೆ. ರಾತ್ರಿ ನಿದ್ದೆ ಬರಲ್ಲ. ಎಂಬಿಎ ಬಿಟ್ಬಿಡ್ಲಾ?”

ಇಂಥವರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮ. ಎಂಬಿಎಗೆ ಬಂದ ಮೇಲೆ ಸೆಮಿನಾರು, ಗ್ರೂಪ್ ಡಿಸ್ಕಷನ್ನು, ಎಲ್ಲಾ ಇಂಗ್ಲಿಷಿನಲ್ಲಿ. ಇವನದ್ದೂ ಅದೇ ಅಂದುಕೊಂಡೆ. ಸ್ಲೈಡ್ ನೋಡಿ ಓದಬೇಡ, ವಿಷಯವನ್ನು ಮೊದಲು ಕನ್ನಡದಲ್ಲೇ ಒಬ್ಬ ಗೆಳೆಯನಿಗೆ ಹೇಳು, ಆಮೇಲೆ ಇಂಗ್ಲಿಷಿಗೆ ಹೋಗು ಅಂತ ಹೇಳಿ ಕಳಿಸಿದೆ. ಸಲಹೆ ಕೆಟ್ಟದ್ದೇನಲ್ಲ. ಆದರೆ ನೋವು ಒಂದು ಕಡೆ, ನಾನು ಎಣ್ಣೆ ತಿಕ್ಕಿದ್ದು ಇನ್ನೊಂದು ಕಡೆ.

ಎರಡನೇ ಸಲ ಬಂದಾಗ ಕೇಳಿದೆ: “ಹೋದ ವರ್ಷವೂ ಪ್ರೆಸೆಂಟೇಷನ್ ಮಾಡಿದ್ಯಲ್ಲ, ಆಗ ಹೆಂಗಿತ್ತು?”

“ಚೆನ್ನಾಗೇ ಮಾಡ್ತಿದ್ದೆ ಮೇಡಂ. ಒಂದ್ಸಲ ಪ್ರೈಜು ಬಂದಿತ್ತು.”

ಹಾಗಾದರೆ ಇದು ಇಂಗ್ಲಿಷಿನ ಭಯ ಅಲ್ಲ. ಯಾವಾಗಿನಿಂದ ಹೀಗೆ ಅಂತ ಹಿಂದೆ ಹಿಂದೆ ಕೇಳುತ್ತಾ ಹೋದೆ. ದೀಪಾವಳಿಗೆ ಬಂದು ನಿಂತಿತು.

ಅಮಾವಾಸ್ಯೆ ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಇಟ್ಟು, ಕೆಲಸದ ಹುಡುಗರಿಗೆ ಬಟ್ಟೆ, ಸ್ವೀಟು ಕೊಟ್ಟು ಎಲ್ಲರೂ ಕೂತಿದ್ದಾರೆ. ಸೋದರಮಾವ ಸುಮ್ನೆ ಮಾತಿಗೆ ಅಂತ ಕೇಳಿದರಂತೆ: “ಏನಪ, ಎಂಬಿಎನಾಗೆ ಏನ್ ಕಲಿಸ್ತಾರೆ?” ಹುಡುಗ ಲ್ಯಾಪ್‌ಟಾಪ್ ತೆರೆದ. ಕ್ಲಾಸಿನಲ್ಲಿ ಆಗ ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದ ವ್ಯಾಪಾರ ನಡೆಸಲು ಬೇಕಾದ ದುಡ್ಡಿನ ಪಾಠ ನಡೆದಿತ್ತು. ತಮ್ಮ ಅಂಗಡಿಯ ಲೆಕ್ಕವನ್ನೇ ಎಕ್ಸೆಲ್‌ಗೆ ಹಾಕಿ ಇಟ್ಟುಕೊಂಡಿದ್ದ.

ಆ ಲೆಕ್ಕ ನನಗೂ ತೋರಿಸಿದ. ವರ್ಷಕ್ಕೆ ಉದ್ರಿ ವ್ಯಾಪಾರ 36 ಲಕ್ಷ, ಬರಬೇಕಾದ ಬಾಕಿ 12 ಲಕ್ಷ. 12ನ್ನು 36ರಿಂದ ಭಾಗಿಸಿ 365ರಿಂದ ಗುಣಿಸಿದರೆ ಸುಮಾರು 122 ದಿನ. ಅಂದರೆ ಇವತ್ತು ಕೊಟ್ಟ ಸೀರೆಯ ದುಡ್ಡು ಕೈಗೆ ಬರಲು ಸರಾಸರಿ ನಾಲ್ಕು ತಿಂಗಳು. ಅಪ್ಪನ ಪುಸ್ತಕದ ಪ್ರಕಾರ ವರ್ಷದ ಲಾಭ 4 ಲಕ್ಷ 80 ಸಾವಿರ. ಮಗ ಅದರಲ್ಲಿ ಕಳೆಯುತ್ತಾ ಹೋಗಿದ್ದ. ಸ್ವಂತ ಅಂಗಡಿ, ಬಾಡಿಗೆಗೆ ಕೊಟ್ಟಿದ್ದರೆ ತಿಂಗಳಿಗೆ 15 ಸಾವಿರ ಬರುತ್ತಿತ್ತು: 1 ಲಕ್ಷ 80 ಸಾವಿರ ಕಳೆ. ಅಪ್ಪ ಬೇರೆಯವರ ಹತ್ತಿರ ಇದೇ ಕೆಲಸ ಮಾಡಿದ್ದರೆ ತಿಂಗಳಿಗೆ 20 ಸಾವಿರ: 2 ಲಕ್ಷ 40 ಸಾವಿರ ಕಳೆ. ಉದ್ರಿಯಲ್ಲಿ ಸಿಕ್ಕಿಕೊಂಡ 12 ಲಕ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ: 1 ಲಕ್ಷ 44 ಸಾವಿರ ಕಳೆ. ಕೊನೆಗೆ ಉಳಿದದ್ದು ಮೈನಸ್ 84 ಸಾವಿರ.

ಆಪರ್ಚುನಿಟಿ ಕಾಸ್ಟ್ ಅನ್ನುತ್ತಾರಲ್ಲ, ಅದು ಇದೇ. ಜಾಗ, ದುಡ್ಡು, ಮನುಷ್ಯ ಮೂರನ್ನೂ ಒಂದು ಕಡೆ ಹಾಕಿದ ಮೇಲೆ ಇನ್ನೊಂದು ಕಡೆ ಬರಬಹುದಾಗಿದ್ದದ್ದು ತಪ್ಪುತ್ತದೆ. ಆ ತಪ್ಪಿದ್ದನ್ನೂ ಖರ್ಚಿಗೆ ಹಿಡಿಯಬೇಕು. ಹುಡುಗ ಇದನ್ನು ಪರೀಕ್ಷೆಯಲ್ಲಿ ಬರೆದಿದ್ದರೆ ಒಳ್ಳೇ ಮಾರ್ಕ್ಸ್ ಬರುತ್ತಿತ್ತು. ಬರೆಯಲಿಲ್ಲ. ಪೂಜೆ ಮಾಡಿದ ಅಂಗಡಿಯಲ್ಲಿ, ಕೆಲಸದ ಹುಡುಗರ ಎದುರಿಗೆ, “ಅಪ್ಪಾಜಿ, ಲೆಕ್ಕ ಹಾಕಿದ್ರೆ ನಮ್ಮ ಅಂಗಡಿ ನಷ್ಟದಲ್ಲಿದೆ” ಅಂದ.

ಅಪ್ಪ ಒಂದೇ ಮಾತು ಕೇಳಿದರು: “ಹಂಗಾರೆ ನಿನ್ನ ಫೀಜು ಎಲ್ಲಿಂದ ಬಂತಪ?”

ಅಲ್ಲಿಂದ ಎರಡು ತಿಂಗಳು ಮಾತಿಲ್ಲ. ಬೈಕ್ ಕೀ ಎಲ್ಲಿ ಅನ್ನುವುದೂ ಅಮ್ಮನ ಮೂಲಕವೇ. ಕ್ಲಾಸಿನಲ್ಲಿ ಸ್ಲೈಡ್ ತೆರೆದ ಕೂಡಲೇ ಇವನಿಗೆ ಅಪ್ಪನ ಮುಖ ಎದುರಿಗೆ ಬರುತ್ತಿತ್ತು.

ನಿದ್ದೆ ಹೋದವರಿಗೆ ನಾನು ನೇರವಾಗಿ ಕೇಳುವ ಪ್ರಶ್ನೆ ಒಂದಿದೆ, ಸಾಯುವ ಯೋಚನೆ ಬರುತ್ತಾ ಅಂತ. ಇಲ್ಲ ಅಂದ. ಊಟ ಸರಿಯಾಗಿತ್ತು. ಆದರೂ ಯಾವ ಹೊತ್ತಲ್ಲಾದರೂ ಬೇಕಾದೀತು ಅಂತ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ ಇನ್ನೊಂದು ಪ್ರಶ್ನೆ ಕೇಳಿದೆ. ಇಡೀ ಪ್ರಕರಣ ತಿರುಗಿದ್ದು ಅಲ್ಲಿ. “ಮೈನಸ್ 84 ಸಾವಿರ ಅಂತ ಬಂದಾಗ ನಿನಗೆ ಬೇಜಾರಾಯ್ತಾ, ಸಮಾಧಾನ ಆಯ್ತಾ?”

ತುಂಬಾ ಹೊತ್ತು ಸುಮ್ಮನಿದ್ದ. ಕೊನೆಗೆ ಹೇಳಿದ: “ಸಮಾಧಾನ ಆಯ್ತು ಮೇಡಂ.”

ಅವನಿಗೆ ಬ್ಯಾಂಕಿನಲ್ಲಿ ಸಾಲದ ಅರ್ಜಿ ಪರಿಶೀಲಿಸುವ ಕೆಲಸ ಬೇಕಿತ್ತು. ಬೆಂಗಳೂರೋ ಹುಬ್ಬಳ್ಳಿಯೋ, ಒಟ್ಟು ಗಲ್ಲಾಪೆಟ್ಟಿಗೆ ಹಿಂದೆ ಕೂರುವುದು ಬೇಡ. ಇದನ್ನು ಅಪ್ಪನಿಗೆ ಹೇಳುವ ಧೈರ್ಯ ಇರಲಿಲ್ಲ. ಅಂಗಡಿಯೇ ನಷ್ಟ ಅಂತ ತೋರಿಸಿಬಿಟ್ಟರೆ ತಾನು ಬೇಡ ಅನ್ನುವ ಪ್ರಮೇಯವೇ ಬರುವುದಿಲ್ಲ, ಅಲ್ವಾ? ಎಕ್ಸೆಲ್ ಹಾಳೆಯಿಂದ ಆ ಮಾತು ಆಡಿಸಲು ಹೋಗಿದ್ದ. ಇದು ಬೇಕಂತ ಮಾಡಿದ್ದಲ್ಲ. ನಾನು ಕೇಳುವವರೆಗೆ ಅವನಿಗೇ ಗೊತ್ತಿರಲಿಲ್ಲ ಅಂತ ನನ್ನ ನಂಬಿಕೆ.

ನಾನು ಹೇಳಿದ್ದು ಹೀಗೆ. ಎಂಬಿಎ ಬಿಡುವ ಮಾತು ಸೆಮಿಸ್ಟರ್ ಪರೀಕ್ಷೆ ಮುಗಿಯುವವರೆಗೆ ಎತ್ತಬೇಡ. ನಾಲ್ಕು ಭಾನುವಾರ ಅಂಗಡಿಗೆ ಹೋಗು, ಲ್ಯಾಪ್‌ಟಾಪ್ ಮನೇಲೇ ಇರಲಿ. ಉದ್ರಿ ಪುಸ್ತಕ ತೆಗೆದು ಒಂದೊಂದೇ ಹೆಸರು ಬರಿ. ಯಾರು, ಯಾವಾಗ ತಗೊಂಡ್ರು, ಎಷ್ಟು ದಿನ ಆಯ್ತು. ನಿಮ್ಮ ಪಾಠದಲ್ಲೇ ಇದೆ, ಸಾಲಗಾರರ ಬಾಕಿಯನ್ನು ದಿನಗಳ ಪ್ರಕಾರ ವಿಂಗಡಿಸುವುದು. ಸರಾಸರಿ 122 ಅನ್ನುವುದು ಯಾರ ಮುಖವನ್ನೂ ತೋರಿಸುವುದಿಲ್ಲ.

ಮೊದಲ ಭಾನುವಾರ ಅಪ್ಪ ಮಾತಾಡಲಿಲ್ಲ. ಎರಡನೇ ಭಾನುವಾರ ಒಂದು ಹೆಸರಿನ ಹತ್ತಿರ ಬೆರಳಿಟ್ಟು, “ಇವ್ರು ಭತ್ತ ಕೊಯ್ದ ಮೇಲೆ ಬರ್ತಾರೆ, ಬರ್ಕೋ” ಅಂದರಂತೆ. ನಾಲ್ಕು ವಾರದಲ್ಲಿ ಪಟ್ಟಿ ಮುಗಿಯಿತು. 12 ಲಕ್ಷದಲ್ಲಿ 9 ಲಕ್ಷಕ್ಕೂ ಜಾಸ್ತಿ ಭದ್ರಾ ನಾಲೆ ಕಡೆಯ ಹಳ್ಳಿಗಳದ್ದು. ಸುಗ್ಗಿಗೆ ಬರುತ್ತದೆ, ಮತ್ತೆ ಉದ್ರಿ ಹೋಗುತ್ತದೆ. ನಿಜವಾಗಿ ನಿಂತುಹೋದದ್ದು 2 ಲಕ್ಷ 60 ಸಾವಿರ. ಹನ್ನೊಂದು ಮನೆ, ಹೆಚ್ಚಿನವು 2023ರ ಬರದ ವರ್ಷದವು. ಔಷಧಿ ಬೇಕಿದ್ದದ್ದು ಈ ಹನ್ನೊಂದು ಮನೆಗೆ. ಹುಡುಗ ಇಡೀ ಅಂಗಡಿಗೇ ಆಪರೇಷನ್ ಮಾಡಲು ಹೊರಟಿದ್ದ.

ಇದಾದ ಮೇಲೆ ಹುಡುಗನ ಒಪ್ಪಿಗೆ ಪಡೆದು ಅಪ್ಪನನ್ನು ಕರೆಸಿದೆ. ಬ್ಯಾಂಕ್ ಕೆಲಸದ ವಿಷಯ ನಾನು ಎತ್ತುವುದಿಲ್ಲ, ಅದು ನೀನೇ ಹೇಳಬೇಕಾದ್ದು ಅಂತ ಮೊದಲೇ ಮಾತಾಗಿತ್ತು.

“ಯಜಮಾನ್ರೇ, ಲೆಕ್ಕ ತಪ್ಪು ಅಂತ ಸಿಟ್ಟಾ?” ಅಂದೆ.

“ಲೆಕ್ಕ ತಪ್ಪೇನಲ್ಲ ಮೇಡಂ. ಅಂಗಡೀಲಿ ಮೊದ್ಲಿನಂಗೆ ಇಲ್ಲ ಅಂತ ನಂಗೆ ಗೊತ್ತಿಲ್ವಾ? ಕೆಲಸದ ಹುಡುಗ್ರ ಮುಂದೆ ಅಂದ. ಅವ್ರು ಮನೆಗೆ ಹೋಗಿ ಏನಂತ ಹೇಳ್ತಾರೆ, ಮುಂದಿನ ತಿಂಗ್ಳು ಪಗಾರ ಬರುತ್ತೋ ಇಲ್ವೋ ಅಂತ ತಾನೇ?” ಸ್ವಲ್ಪ ತಡೆದು, “ಒಂದು ತಪ್ಪು ಐತೆ. ಹನ್ನೆರಡು ಲಕ್ಷ ಅನ್ನೋದು ಮಾರಿದ ರೇಟು. ಅದ್ರಾಗೆ ನಾ ಹಾಕಿದ ದುಡ್ಡು ಒಂಬತ್ತು. ಬಡ್ಡಿ ಒಂಬತ್ತಕ್ಕೆ ಹಿಡೀಬೇಕು” ಅಂದರು.

ಹೌದಲ್ಲ! ನಾನೂ ಆ ಹಾಳೆ ಮೂರು ಸಲ ನೋಡಿದ್ದೆ, ಹೊಳೆದಿರಲಿಲ್ಲ. ಬಡ್ಡಿ 1 ಲಕ್ಷ 8 ಸಾವಿರ ಆಗುತ್ತದೆ, ನಷ್ಟ 48 ಸಾವಿರಕ್ಕೆ ಇಳಿಯುತ್ತದೆ.

ಮಾತು ತೆರೆದ ಮೇಲೆ ಅವರು ನಿಲ್ಲಿಸಲಿಲ್ಲ. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರಿದ್ದ ಕಾಲ. ಅವರ ತಂದೆ ಹತ್ತಿ ಮಿಲ್ಲಿನ ಕೆಲಸಗಾರರಿಗೆ ಉದ್ರಿ ಕೊಡುತ್ತಿದ್ದರು, ಪಗಾರದ ದಿನ ಅಂಗಡಿ ತುಂಬುತ್ತಿತ್ತು. ಮಿಲ್ಲುಗಳು ಒಂದೊಂದೇ ಮುಚ್ಚಿದ ಮೇಲೆ ನಾಲೆ ಕಡೆಯ ರೈತರನ್ನು ಹಿಡಿದರು. “ಉದ್ರಿ ಇಲ್ಲ ಅಂದ್ರೆ ಅವ್ರು ದೊಡ್ಡ ಶೋರೂಮಿಗೆ ಹೋಗ್ತಾರೆ, ಇಲ್ಲಾ ಮೊಬೈಲ್‌ನಾಗೆ ತರಿಸ್ತಾರೆ. ನಂದೇನೈತಿ?” ಮಾರ್ಕೆಟಿಂಗ್ ಪಾಠದಲ್ಲಿ ಗ್ರಾಹಕರನ್ನು ಉಳಿಸಿಕೊಳ್ಳುವುದು ಅಂತ ಒಂದು ಅಧ್ಯಾಯವೇ ಇರುತ್ತದೆ. ಉದ್ರಿ ಅವರಿಗೆ ಖರ್ಚೂ ಹೌದು, ಬೇಲಿಯೂ ಹೌದು. ಫೈನಾನ್ಸ್ ಕ್ಲಾಸಿನ ಹಾಳೆಯಲ್ಲಿ ಬೇಲಿಗೆ ಕಾಲಂ ಇರಲಿಲ್ಲ.

ಅಪ್ಪನಿಗೆ ನಾನು ಹೇಳಿದ್ದು ಒಂದೇ. ಒಂಬತ್ತು ಲಕ್ಷದ ಮಾತನ್ನು ನನಗಲ್ಲ, ಮಗನಿಗೆ ಹೇಳಿ, ಲೆಕ್ಕ ಸರಿಯಿದ್ದದ್ದನ್ನೂ ಹೇಳಿ. ಮಗನಿಗೆ ಹೇಳಿದ್ದು ಎರಡು. ಅಂಕಿಗೆ ಕ್ಷಮೆ ಕೇಳಬೇಡ, ಅದು ನಿನ್ನ ಓದು. ಹೇಳಿದ ಜಾಗಕ್ಕೆ ಕೇಳು, ಅದೇ ಅಂಗಡಿಯಲ್ಲಿ, ಅದೇ ಹುಡುಗರ ಎದುರಿಗೆ. ಎರಡನೆಯದು, ನೌಕರಿಯ ಮಾತನ್ನು ನಷ್ಟದ ಮಾತಿನ ಜೊತೆ ಸೇರಿಸಬೇಡ. ಅಂಗಡಿ ಲಾಭದಲ್ಲಿದ್ದರೂ ನನಗೆ ಈ ಕೆಲಸ ಬೇಕು ಅನ್ನುವ ಹಾಗಿದ್ದರೆ ಮಾತ್ರ ಹೇಳು.

ಮೊದಲನೆಯದನ್ನು ಮಾರನೇ ದಿನವೇ ಮಾಡಿದ. ಎರಡನೆಯದಕ್ಕೆ ಮೂರು ವಾರ ಬೇಕಾಯಿತು. ಅಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. “ಪರೀಕ್ಷೆ ಬರಿ ಮೊದ್ಲು” ಅಂದರಂತೆ. ಬರೆದಿದ್ದಾನೆ. ಪ್ರೆಸೆಂಟೇಷನ್‌ನಲ್ಲಿ ಈಗಲೂ ಒಮ್ಮೊಮ್ಮೆ ಬಾಯಿ ಒಣಗುತ್ತದೆ, ಆದರೆ ಕೊನೇ ಸ್ಲೈಡಿನವರೆಗೆ ಹೋಗುತ್ತಾನೆ. ಹನ್ನೊಂದು ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿ ಬಂದ. ಐದು ಮನೆಯವರು ಕಂತಿನಲ್ಲಿ ಕೊಡಲು ಒಪ್ಪಿದರು, ಒಬ್ಬರು ಒಂದು ಚೀಲ ಮೆಕ್ಕೆಜೋಳ ಕೊಟ್ಟು ಕಳಿಸಿದರು.

ಕೊನೆಯ ಸಲ ಬಂದಾಗ ತಿದ್ದಿದ ಹಾಳೆಯ ಪ್ರಿಂಟ್ ತಂದಿದ್ದ. ಅಪ್ಪನ ಸಂಬಳದ ಸಾಲಿನಲ್ಲಿ 20 ಸಾವಿರ ಅನ್ನುವುದಕ್ಕೆ ಕೆಂಪು ಪೆನ್ನಿನಲ್ಲಿ ಗೀಟು ಬಿದ್ದಿತ್ತು, ಪಕ್ಕದಲ್ಲಿ 25 ಅಂತ ಬರೆದಿತ್ತು.

“ಇದು ಯಾರು ತಿದ್ದಿದ್ದು?” ಅಂದೆ.

“ಅಪ್ಪಾಜಿ. ಬೆಳಿಗ್ಗೆಯಿಂದ ರಾತ್ರಿ ತನಕ ಇಪ್ಪತ್ತು ಸಾವಿರಕ್ಕೆ ಯಾವನ್ ಕುಂದರ್ತಾನಲೇ ಇಲ್ಲಿ, ಅಂದ್ರು.”